ಗೂಡಿನ ಹಾರ ಹಾಕಿಕೊಂಡು ಕೇಳಿದ ಪ್ರಶ್ನೆ

ಶಿಡ್ಲಘಟ್ಟ, ಮೇ ೧೯೯೨

ವಿಶ್ವವಿದ್ಯಾಲಯದ ಪಠ್ಯಕ್ರಮ ಪರಿಷ್ಕರಣ ಸಮಿತಿಯ ಮಾನ್ಯ ಅಧ್ಯಕ್ಷರೇ,

ನೀವು ನಮ್ಮ ಕಾಲೇಜಿನಿಂದ ಗಣಿತವನ್ನು ತೆಗೆದುಹಾಕಿದ್ದೀರಿ. ತೆಗೆದುಹಾಕಿದ್ದು ಒಂದು ನೋವಾದರೆ, ನಾವೇ ಹೇಳಿದೆವು ಎಂದು ತೆಗೆದುಹಾಕಿದ್ದು ಇನ್ನೊಂದು. ನೋಟಿಸ್ ಬೋರ್ಡಿನ ಗಾಜಿನ ಹಿಂದೆ ಅಂಟಿಸಿರುವ ನಿಮ್ಮ ಆದೇಶವನ್ನು ನಾನು ನಿಂತು ನಿಂತು ಓದಿದ್ದೇನೆ. “ವಿದ್ಯಾರ್ಥಿಗಳೊಂದಿಗೆ ನಡೆಸಿದ ಸಂವಾದದಲ್ಲಿ ರೇಷ್ಮೆ ವಿಜ್ಞಾನದ ಬಗ್ಗೆ ಸರ್ವಾನುಮತದ ಒಲವು ವ್ಯಕ್ತವಾಗಿದ್ದು, ಗಣಿತಕ್ಕೆ ಬೇಡಿಕೆ ಕಂಡುಬಂದಿರುವುದಿಲ್ಲ.” ಆದ್ದರಿಂದ ಬರುವ ಜುಲೈಯಿಂದ ನಮ್ಮ ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಎಂಬ ಗುಂಪು ಇರುವುದಿಲ್ಲ. ಅದರ ಜಾಗಕ್ಕೆ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ರೇಷ್ಮೆ ಬರುತ್ತದೆ. ಮೊದಲ ವರ್ಷ ಗಣಿತ ಓದಿ ಮುಗಿಸಿರುವ ನಮ್ಮಂಥವರು ಒಂದೋ ರೇಷ್ಮೆಗೆ ಬದಲಾಗಬೇಕು, ಇಲ್ಲವೇ ವರ್ಗಾವಣೆ ಪತ್ರ ತೆಗೆದುಕೊಂಡು ಚಿಕ್ಕಬಳ್ಳಾಪುರಕ್ಕೋ ಚಿಂತಾಮಣಿಗೋ ಹೋಗಬೇಕು.

ಆ ಸರ್ವಾನುಮತದಲ್ಲಿ ನನ್ನದೂ ಒಂದು ಮತ ಇದೆ. ಅದನ್ನು ನೀವು ಹೇಗೆ ಪಡೆದಿರಿ, ನಾನು ಹೇಗೆ ಕೊಟ್ಟೆ ಎನ್ನುವುದನ್ನು ಹೇಳದೆ ನನಗೆ ಕೂತಲ್ಲಿ ಕೂರಲು ಆಗುತ್ತಿಲ್ಲ. ಆದ್ದರಿಂದ ಈ ಪತ್ರವನ್ನು ನಿಮಗೊಬ್ಬರಿಗೇ ಕಳಿಸದೆ ಪತ್ರಿಕೆಗೂ ಕಳಿಸುತ್ತಿದ್ದೇನೆ. ನೀವು ನಮ್ಮ ಅಭಿಪ್ರಾಯವನ್ನು ಎಲ್ಲರೂ ಓದುವ ಹಾಗೆ ಅಂಟಿಸಿದ್ದೀರಿ, ತಿದ್ದುಪಡಿಯೂ ಹಾಗೇ ಇರಲಿ.

ನಿಮಗೆ ನೆನಪಿರಬೇಕು. ಫೆಬ್ರವರಿಯಲ್ಲಿ ನಿಮ್ಮ ಸಮಿತಿ ನಮ್ಮ ಕಾಲೇಜಿಗೆ ಬಂದಿತ್ತು. ಪಾಠ ನಿಲ್ಲಿಸಿ ಎಲ್ಲರನ್ನೂ ಸಭಾಂಗಣದಲ್ಲಿ ಕೂಡಿಸಿದ್ದರು. ಹೂವಿನ ಹಾರ ಯಾವ ಊರಿನಲ್ಲಾದರೂ ಸಿಗುತ್ತದೆ. ನಮ್ಮ ಊರಿಗೆ ಬಂದ ದೊಡ್ಡವರಿಗೆ ರೇಷ್ಮೆಗೂಡಿನ ಹಾರ ಹಾಕುವುದು ರೂಢಿ. ನಿಮಗೂ ಹಾಕಿದರು. ಹಳದಿ ಗೂಡುಗಳನ್ನು ಒತ್ತಾಗಿ ಪೋಣಿಸಿದ ದಪ್ಪ ಹಾರ. ಮಿಕ್ಕ ಸದಸ್ಯರು ತೆಗೆದು ಮೇಜಿನ ಮೇಲಿಟ್ಟರು. ನೀವು ಮಾತ್ರ ಕೊರಳಲ್ಲೇ ಇಟ್ಟುಕೊಂಡು, ಅದನ್ನು ಬೆರಳಲ್ಲಿ ನೇವರಿಸುತ್ತಾ, ನಮ್ಮ ಕಡೆ ನಗುತ್ತಾ ಕೇಳಿದಿರಿ: “ನಿಮ್ಮ ಊರಿನ ಈ ರೇಷ್ಮೆಯನ್ನೇ ವಿಜ್ಞಾನವಾಗಿ ಓದುವುದು ನಿಮಗೆಲ್ಲ ಇಷ್ಟ ತಾನೇ?”

ಮೊದಲು ಎದ್ದು ನಿಂತವನು ನನ್ನ ಸಹಪಾಠಿ ಎರ್ರಪ್ಪ. ಚಿಂತಾಮಣಿ ರಸ್ತೆಯ ಹಳ್ಳಿಯವನು, ಮನೆಯಲ್ಲಿ ಹುಳ ಸಾಕುತ್ತಾರೆ. “ಇಷ್ಟ ಸಾರ್” ಎಂದ. ನೀವು ನನ್ನ ಕಡೆ ಕೈ ತೋರಿಸಿದಿರಿ. ನಾನೂ ಎದ್ದು “ಇಷ್ಟ ಸಾರ್” ಎಂದೆ. ಆಮೇಲೆ ಬೆಂಚಿನಿಂದ ಬೆಂಚಿಗೆ ಇಷ್ಟ, ಇಷ್ಟ ಎಂದು ಹೋಯಿತು. ನಿಮ್ಮ ಪಕ್ಕದವರು ಬರೆದುಕೊಂಡರು. ನೀವು ತೃಪ್ತಿಯಿಂದ ಊಟಕ್ಕೆ ಎದ್ದಿರಿ.

ಈಗ ದಯವಿಟ್ಟು ಸ್ವಲ್ಪ ತಾಳ್ಮೆಯಿಂದ ಕೇಳಿ. ನನ್ನ ಹತ್ತಿರ ತಾಳ್ಮೆ ಕಡಿಮೆ ಇದೆ, ನಿಮ್ಮದನ್ನು ಸಾಲ ಕೇಳುತ್ತಿದ್ದೇನೆ. ನಮ್ಮ ಊರಿನಲ್ಲಿ ಬಸ್ಸು ನಿಲ್ದಾಣಕ್ಕೆ ಬರುವ ಮುಂಚೆಯೇ ವಾಸನೆ ಬರುತ್ತದೆ. ಗೂಡು ಬೇಯಿಸಿ ನೂಲು ತೆಗೆದ ಮೇಲೆ ಉಳಿಯುವ ಸತ್ತ ಹುಳದ ವಾಸನೆ. ಬಸ್ಸಿನಲ್ಲಿ ಯಾರು ಮೂಗಿಗೆ ಕರವಸ್ತ್ರ ಹಿಡಿದರೋ ಅವರು ಹೊರಗಿನವರು ಎಂದು ನಮಗೆ ಗೊತ್ತಾಗುತ್ತದೆ. ಊರಿನ ಮಕ್ಕಳು ಮೂಗು ಮುಚ್ಚುವುದಿಲ್ಲ. ಚಿಕ್ಕವಳಿದ್ದಾಗ ಒಮ್ಮೆ ನಾನು ಛೀ ಎಂದದ್ದಕ್ಕೆ ನಮ್ಮ ಅಮ್ಮಿ ಬಾಯಿಯ ಮೇಲೆ ತಟ್ಟಿದ್ದರು. ಎರ್ರಪ್ಪನ ಮನೆಯಲ್ಲಿ ಇದು ಇನ್ನೂ ಬಿಗಿ. ಹುಳ ಇರುವ ಕೋಣೆಯಲ್ಲಿ ಬೇಡ ಎಂಬ ಮಾತನ್ನೇ ಆಡಬಾರದು. ಇನ್ನೊಂದು ಲೋಟ ಮಜ್ಜಿಗೆ ಬೇಡವಾದರೆ ಅಂಗಳಕ್ಕೆ ಬಂದು ಹೇಳಬೇಕು. ಅವನ ತಾಯಿ ಲಕ್ಷ್ಮಿದೇವಮ್ಮ “ಪುರುಗುಲ ಇಂಟ್ಲೋ ವದ್ದು ಅನಕೂಡದು” ಎನ್ನುತ್ತಾರಂತೆ, ಹುಳದ ಮನೆಯಲ್ಲಿ ಬೇಡ ಅನ್ನಬಾರದು ಎಂದು. ಬೇಡ ಎನಿಸಿಕೊಂಡ ಹುಳ ಗೂಡು ಕಟ್ಟುವುದಿಲ್ಲ ಎಂದು ಅವರ ನಂಬಿಕೆ. ನಮ್ಮದು ಬೇರೆ ಧರ್ಮ, ಬೇರೆ ಮಾತು, ಆದರೆ ಈ ವಿಷಯದಲ್ಲಿ ನಮ್ಮ ಎರಡು ಮನೆಗೂ ಒಂದೇ ಶಾಸ್ತ್ರ. ಉಂಡ ಮನೆಗೆ ಎರಡು ಬಗೆಯಬಾರದು.

ಅಂಥವರ ಮುಂದೆ ಗೂಡಿನ ಹಾರ ಹಾಕಿಕೊಂಡು ನಿಂತು, ರೇಷ್ಮೆ ಇಷ್ಟವೇ ಎಂದು ಕೇಳಿದಿರಿ. ಇಷ್ಟವಿಲ್ಲ ಎನ್ನುವ ಒಬ್ಬನಾದರೂ ಈ ಊರಿನಲ್ಲಿ ಸಿಕ್ಕಿದ್ದರೆ ಅವನು ಹಿಂದಿನ ದಿನ ಬಸ್ಸಿಳಿದವನೇ ಇರಬೇಕು. ನಾವು ಅದನ್ನು ಪ್ರಶ್ನೆ ಎಂದೇ ತಿಳಿಯಲಿಲ್ಲ. ಮನೆಗೆ ಬಂದ ನೆಂಟರು ಎಲ್ಲರೂ ಕ್ಷೇಮವಾ ಎಂದರೆ ಕ್ಷೇಮ ಎನ್ನುತ್ತೇವೆ, ಜ್ವರ ಬಂದು ಮಲಗಿದವರೂ ಅನ್ನುತ್ತಾರೆ. ಸಭೆ ಮುಗಿದ ಮೇಲೆ ನಲ್ಲಿಯ ಹತ್ತಿರ ಎರ್ರಪ್ಪ ಕೇಳಿದ, “ಏನಮ್ಮಾ ಶಕೀಲಾ, ನಿಂಗೆ ನಿಜ್ವಾಗ್ಲೂ ಇಷ್ಟಾನಾ?”

“ಹಾರ ನೋಡ್ಕೊಂಡು ಇಲ್ಲ ಅನ್ನಕಾಗುತ್ತಾ ಎರ್ರಪ್ಪ?”

“ನಂಗೂ ಆಗ್ಲಿಲ್ಲ ಕಣಮ್ಮ. ನಮ್ಮವ್ವ ಹಿಂದೆ ನಿಂತಂಗೆ ಆಯ್ತು.”

ಇಬ್ಬರೂ ನಕ್ಕೆವು. ಆ ಮಾತಿನ ಮೇಲೆ ನಮ್ಮ ಗಣಿತ ನಿಂತಿದೆ ಎಂದು ಯಾರೂ ನಮಗೆ ಹೇಳಿರಲಿಲ್ಲ. ನಿಮ್ಮ ಸಭೆಯಲ್ಲಿ ಗಣಿತ ಎಂಬ ಪದವನ್ನು ನೀವು ಬಾಯಿತಪ್ಪಿಯೂ ಆಡಲಿಲ್ಲ. ಕೇಳದ ಪ್ರಶ್ನೆಗೆ ಬಾರದ ಉತ್ತರವನ್ನು “ಬೇಡಿಕೆ ಕಂಡುಬಂದಿರುವುದಿಲ್ಲ” ಎಂದು ಬರೆಯುವ ವಿದ್ಯೆ ಯಾವ ಪಠ್ಯಕ್ರಮದಲ್ಲಿದೆ? ನಮಗೆ ಗಣಿತ ಹೇಳಿಕೊಡುವ ಮುನಿನಾರಾಯಣಪ್ಪ ಮೇಷ್ಟ್ರು, ಉತ್ತರಪತ್ರಿಕೆಯಲ್ಲಿ ಹೀಗೆ ಬರೆದರೆ ಸೊನ್ನೆ ಕೊಡುತ್ತಾರೆ. ಒಂದು ಬೇಕು ಎಂದರೆ ಇನ್ನೊಂದು ಬೇಡ ಎಂದು ಹೇಗಾಯಿತು, ಮಧ್ಯದ ಹೆಜ್ಜೆ ಎಲ್ಲಿ, ಎಂದು ಕೆಂಪು ಶಾಯಿಯಲ್ಲಿ ಕೇಳುತ್ತಾರೆ. ನಾನೂ ಅದನ್ನೇ ಕೇಳುತ್ತಿದ್ದೇನೆ.

ಇರುವ ಪಠ್ಯಕ್ರಮವನ್ನು ಹೊಗಳುವುದಕ್ಕೆ ಕೂತಿದ್ದೇನೆ ಎಂದು ತಿಳಿಯಬೇಡಿ. ಅದು ಅಮೃತವೇನಲ್ಲ. ಮನೆಯಲ್ಲಿ ಉರ್ದು, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂದು ಬೆಳೆದ ನಮಗೆ ಪಿಯುಸಿಗೆ ಬರುತ್ತಿದ್ದಂತೆ ಒಮ್ಮೆಲೇ ಇಂಗ್ಲಿಷ್ ಪುಸ್ತಕ ಕೈಗಿಟ್ಟಿರಿ. ಭೌತಶಾಸ್ತ್ರದ ಪ್ರಯೋಗಾಲಯದಲ್ಲಿರುವ ಮೀಟರಿನ ಮುಳ್ಳು ನಾವು ಸೇರಿದಾಗಿನಿಂದ ಒಂದೇ ಕಡೆ ನೋಡುತ್ತಿದೆ. ಪ್ರಯೋಗದ ಫಲಿತಾಂಶವನ್ನು ಹಿಂದಿನ ವರ್ಷದವರಿಂದ ಇಸಿದುಕೊಂಡು ಬರೆಯುತ್ತೇವೆ. ಪಾಠಗಳು ಒಂದರ ಬಾಲ ಒಂದು ಹಿಡಿದು ಓಡುತ್ತವೆ, ಯಾವುದು ಯಾತಕ್ಕೆ ಎಂದು ಕೇಳುವಷ್ಟು ಹೊತ್ತಿಗೆ ಪರೀಕ್ಷೆ ಬಂದಿರುತ್ತದೆ. ಇವುಗಳನ್ನು ಕೇಳಿದ್ದರೆ ಹೇಳುತ್ತಿದ್ದೆವು. ನೀವು ಕೇಳಲಿಲ್ಲ. ನೆಗಡಿಯಾಯಿತೆಂದು ಮೂಗು ಕೊಯ್ದ ಹಾಗೆ, ಪಾಠ ಸರಿಯಿಲ್ಲದಿದ್ದರೆ ವಿಷಯವನ್ನೇ ತೆಗೆದಿರಿ.

ತೆಗೆದದ್ದಕ್ಕೆ ಕಾರಣ ಕೊಟ್ಟಿದ್ದೀರಿ: “ಸ್ಥಳೀಯ ಅಗತ್ಯಕ್ಕೆ ತಕ್ಕ ಶಿಕ್ಷಣ.” ಮಾತು ಕೇಳಲು ಬಹಳ ಚೆನ್ನಾಗಿದೆ. ಹಾಗಿದ್ದರೆ ಎಲ್ಲ ಕಡೆಯೂ ಜಾರಿಗೆ ತನ್ನಿ. ಅಲೀಪುರದ ಹುಡುಗರಿಗೆ ಹರಳು ಉಜ್ಜುವುದರಲ್ಲಿ ಪದವಿ ಕೊಡಿ. ಚಿಂತಾಮಣಿಯವರಿಗೆ ತರಕಾರಿ ಮಂಡಿ ಶಾಸ್ತ್ರ, ಗೌರಿಬಿದನೂರಿನವರಿಗೆ ಸಕ್ಕರೆ ಶಾಸ್ತ್ರ, ಕೈವಾರದವರಿಗೆ ಯಾತ್ರಿಕರನ್ನು ಬಸ್ಸು ಹತ್ತಿಸುವ ಶಾಸ್ತ್ರ. ನಿಮ್ಮ ವಿಶ್ವವಿದ್ಯಾಲಯ ಇರುವ ಬೆಂಗಳೂರಿನಲ್ಲಿ ಸ್ಥಳೀಯ ಅಗತ್ಯ ಏನು? ಬಾಡಿಗೆ ಮನೆ ಹುಡುಕುವುದು. ಅದನ್ನು ಕಡ್ಡಾಯ ಮಾಡಿ, ಅಲ್ಲಿಯ ಕಾಲೇಜುಗಳಿಂದ ಗಣಿತ ತೆಗೆಯಿರಿ. ತೆಗೆಯುತ್ತೀರಾ? ಅಲ್ಲಿಯ ಹುಡುಗನಿಗೆ ಲೋಕದಲ್ಲಿರುವ ವಿದ್ಯೆಯೆಲ್ಲ ಅಗತ್ಯ, ನಮಗೆ ಮಾತ್ರ ನಮ್ಮ ಅಪ್ಪಂದಿರ ಕಸುಬು ಅಗತ್ಯ. ಇದನ್ನು ಹಿಂದೆ ಬೇರೆ ಹೆಸರಿನಿಂದ ಕರೆಯುತ್ತಿದ್ದರು. ಆ ಹೆಸರು ಕೆಟ್ಟದೆಂದು ನೀವೇ ನಮಗೆ ಸಮಾಜ ಪಾಠದಲ್ಲಿ ಕಲಿಸಿದ್ದೀರಿ.

ರೇಷ್ಮೆ ವಿಜ್ಞಾನ ಬರಬಾರದು ಎಂದು ನಾನು ಹೇಳುತ್ತಿಲ್ಲ. ಎರ್ರಪ್ಪನನ್ನು ಕೇಳಿದೆ. “ಇಲಾಖೆಯಾಗೆ ಕೆಲ್ಸ ಸಿಗುತ್ತೆ ಅಂದ್ರೆ ಓದ್ತೀನಮ್ಮ. ಆದ್ರೆ ಅದೊಂದೇ ಇಟ್ರೆ, ಓದ್ಕೊಂಡು ಹೋಗಿ ಅದೇ ತೋಟದಾಗೆ ಸೊಪ್ಪು ಕೊಯ್ಬೇಕು ಅಷ್ಟೆ” ಎಂದ. ಅವನ ಮಾತು ನನಗೆ ಸರಿ ಕಂಡಿತು. ಈಗ ಚೀನಾ ರೇಷ್ಮೆ ಬರುತ್ತಿದೆ, ನೂಲಿನ ದರ ಬೀಳುತ್ತಿದೆ ಎಂದು ಗೂಡಿನ ಮಾರುಕಟ್ಟೆಯಲ್ಲಿ ದಿನಾ ಮಾತು. ಒಂದೇ ಬೆಳೆ ನೆಚ್ಚಿಕೊಳ್ಳಬೇಡಿ ಎಂದು ರೈತರಿಗೆ ರೇಡಿಯೋದಲ್ಲಿ ಬುದ್ಧಿ ಹೇಳುವ ಸರ್ಕಾರ, ರೈತರ ಮಕ್ಕಳಿಗೆ ಮಾತ್ರ ಒಂದೇ ಬೆಳೆಯ ಪುಸ್ತಕ ಕೊಡುತ್ತದೆ.

ಇನ್ನು ನನ್ನ ವಿಷಯ. ಇಲ್ಲಿಯವರೆಗೆ ವಾದ ಮಾಡಿದೆ, ಇನ್ನು ಮುಂದೆ ಹೇಳುವುದು ನನ್ನ ಮನೆಯಲ್ಲಿ ನಡೆದದ್ದು. ನಮ್ಮ ಅಬ್ಬಾ ಖಾಜಾ ಪೀರ್ ನೂಲು ತೆಗೆಯುವವರು. ಮನೆಯ ಹಿಂದೆ ಒಲೆ, ಅದರ ಮೇಲೆ ಗೂಡು ಬೇಯುವ ನೀರು, ಪಕ್ಕದಲ್ಲಿ ಚರಕ. ನಾನು ಓದಿದ ಹೈಸ್ಕೂಲಿನಲ್ಲಿ ಗಣಿತಕ್ಕೆ ಮೇಡಂ ಇರಲಿಲ್ಲ, ಡ್ರಿಲ್ ಮಾಸ್ಟರೇ ಲೆಕ್ಕ ಮಾಡಿಸುತ್ತಿದ್ದರು. ತಾವೂ ಕಷ್ಟಪಟ್ಟು, ನಮ್ಮನ್ನೂ ಕಷ್ಟಪಡಿಸಿ. ಆ ಶಾಲೆಗೇ ಗಣಿತದ ಮೇಡಂ ಆಗಿ ಹೋಗಬೇಕು ಎನ್ನುವುದು ನನ್ನ ಆಸೆ. ಸ್ಥಳೀಯ ಅಗತ್ಯ ಎಂದಿರಲ್ಲ, ನಮ್ಮ ಊರಿನ ಸ್ಥಳೀಯ ಅಗತ್ಯ ಇದು. ಈ ಆಸೆ ಕೇಳಿ ಅಬ್ಬಾ ನನ್ನನ್ನು ಕಾಲೇಜಿಗೆ ಸೇರಿಸಿದರು. ಹುಡುಗಿಗೆ ಇಷ್ಟು ಓದು ಯಾಕೆ ಎಂದು ದೊಡ್ಡಪ್ಪ ಕೇಳಿದಾಗ, “ಲೆಕ್ಕ ಓದ್ತಾಳೆ ಭಾಯಿ, ಮನೇಲಿ ಯಾರಿಗೂ ಬರ್ದೇ ಇರೋದು” ಎಂದು ಅಬ್ಬಾ ಹೇಳಿದ್ದನ್ನು ನಾನು ಬಾಗಿಲ ಹಿಂದೆ ನಿಂತು ಕೇಳಿದ್ದೆ. ಅದೇ ಮಾತನ್ನು ಗೂಡಿನ ಮಾರುಕಟ್ಟೆಯಲ್ಲೂ ಹೇಳಿಕೊಂಡು ತಿರುಗಿದ್ದರಂತೆ. ನಮ್ಮ ಮನೆಯ ಮಾತು ಉರ್ದು, ನಿಮಗೋಸ್ಕರ ಕನ್ನಡಕ್ಕೆ ತಂದಿದ್ದೇನೆ.

ನಿಮ್ಮ ಆದೇಶ ಬಂದ ದಿನ ಅಬ್ಬಾ ಒಲೆಯ ಮುಂದೆ ಕೂತಿದ್ದರು. ವಿಷಯ ಹೇಳಿದೆ.

“ಅಂದ್ರೆ ಇನ್ಮೇಲೆ ಕಾಲೇಜಲ್ಲಿ ಗೂಡಿಂದ ನೂಲು ತೆಗೆಯೋದು ಹೇಳ್ಕೊಡ್ತಾರಾ?”

“ಅದೂ ಇದೆ ಅಬ್ಬಾ.”

“ಫೀಸ್ ಇಸ್ಕೊಂಡು?”

ಹೌದು ಎಂದೆ. ಅಬ್ಬಾ ನಕ್ಕರು. ಅಮ್ಮಿಯನ್ನು ಕರೆದು ಹೇಳಿ ಇನ್ನೊಮ್ಮೆ ನಕ್ಕರು. ನಕ್ಕು ಮುಗಿದ ಮೇಲೆ ಕೈ ಒರೆಸಿಕೊಂಡು ಹೇಳಿದ್ದು ಇದು: “ಅದನ್ನ ಕಲ್ಯಕ್ಕೆ ಅಲ್ಲೀಗಂಟ ಯಾಕ್ ಬೇಟಿ ಹೋಗ್ಬೇಕು? ನಿಮ್ಮಮ್ಮಿ ಕೈ ನೀರಲ್ಲಿ ನೆಂದು ನೆಂದು ಹುಣ್ಣಾಗಿದೆ. ಇಲ್ಲೇ ಕೂತ್ಕೋ, ನಾನು ಹೇಳ್ಕೊಡ್ತೀನಿ.”

ನಾನು ಚಿಕ್ಕಬಳ್ಳಾಪುರದ ಮಾತು ಎತ್ತಿದೆ. ಅಲ್ಲಿ ಬೆಳಿಗ್ಗೆಯ ತರಗತಿಗೆ ಸೇರಬೇಕಾದರೆ ನಸುಕಿನ ಬಸ್ಸು ಹಿಡಿಯಬೇಕು, ಸಂಜೆಯ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಬ್ಬಾ ಬೇಡ ಎಂದರು. ನಮ್ಮ ಕಾಲೇಜು ಮನೆಯಿಂದ ಎರಡು ಬೀದಿ ದೂರ. ಅಷ್ಟಕ್ಕೇ ದೊಡ್ಡಪ್ಪನನ್ನು ಒಪ್ಪಿಸಲು ಅವರು ಎಷ್ಟು ಹೆಣಗಿದರೆಂದು ನನಗೆ ಗೊತ್ತು. ನಾನು ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ನೀವು ಇದನ್ನು ಓದಿ, ಪಾಪ ಅವರ ಮನೆಗಳೇ ಹಾಗೆ ಎಂದು ತಲೆಯಾಡಿಸುವ ಮುಂಚೆ ಒಂದು ಮಾತು. ನಮ್ಮ ಮನೆ ನನ್ನನ್ನು ಕಾಲೇಜಿಗೆ ಕಳಿಸಿತ್ತು. ವಾಪಸು ಕಳಿಸಿದವರು ನೀವು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಹಾಗಾಯಿತು.

ಪ್ರಾಂಶುಪಾಲರ ಹತ್ತಿರ ಹೋದೆವು, ನಾನೂ ಎರ್ರಪ್ಪನೂ. “ಮೇಲಿಂದ ಬಂದಿದೆ, ನಾನೇನ್ ಮಾಡ್ಲಿ ಹೇಳಮ್ಮ. ಅವತ್ತೇ ಎದ್ದು ಹೇಳ್ಬೇಕಿತ್ತು ನೀವು” ಎಂದರು. ಅವತ್ತು ನಮ್ಮ ಹಿಂದೆ ನಿಂತು, ನಗ್ತಾ ನಗ್ತಾ ಉತ್ತರ ಹೇಳ್ರಪ್ಪ ಎಂದು ಪಿಸುಗುಟ್ಟುತ್ತಿದ್ದವರೂ ಅವರೇ. ಅವರನ್ನು ದೂರಿ ಫಲವಿಲ್ಲ, ಅವರಿಗೂ ಮೇಲಿನವರ ಭಯ. ಮುನಿನಾರಾಯಣಪ್ಪ ಮೇಷ್ಟ್ರಿಗೆ ವರ್ಗವಾಗುತ್ತದಂತೆ. ಅವರು ಸೀಮೆಸುಣ್ಣದ ಡಬ್ಬಿಯನ್ನು ಮೇಜಿನೊಳಗಿಟ್ಟು ಬೀಗ ಹಾಕಿದರು.

ಅವರ ಬಗ್ಗೆ ಒಂದು ಸಂಗತಿ ಹೇಳಿದರೆ ನನಗೆ ಗಣಿತವೇ ಯಾಕೆ ಬೇಕು ಎನ್ನುವುದು ನಿಮಗೆ ತಿಳಿಯಬಹುದು. ಒಮ್ಮೆ ಬೋರ್ಡಿನ ಮೇಲೆ ಒಂದು ದೊಡ್ಡ ಲೆಕ್ಕ ಬಿಡಿಸುತ್ತಾ ಮೇಷ್ಟ್ರು ಒಂದು ಚಿಹ್ನೆ ಬದಲಾಯಿಸುವುದನ್ನು ಮರೆತರು. ನಾನು ಹಿಂದಿನ ಬೆಂಚಿನಲ್ಲಿ ಎದ್ದು ನಿಂತೆ. ಮೇಷ್ಟ್ರು ಬೋರ್ಡನ್ನು ನೋಡಿದರು, ನನ್ನನ್ನು ನೋಡಿದರು, ಮೇಲಿನ ಸಾಲಿನಿಂದ ಮತ್ತೆ ಓದಿದರು. “ಸರಿ ಕಣಮ್ಮ. ನಂದೇ ತಪ್ಪು” ಎಂದು ಒರೆಸಿ ಸರಿಯಾಗಿ ಬರೆದರು. ಅಷ್ಟೇ ನಡೆದದ್ದು. ಆದರೆ ನಾನು ಹುಟ್ಟಿದಾಗಿನಿಂದ ದೊಡ್ಡವರೊಬ್ಬರು ನನ್ನ ಮಾತಿಗೆ ತಮ್ಮ ಮಾತನ್ನು ಒರೆಸಿದ್ದು ಅದೇ ಮೊದಲು. ನೂಲಿನ ದರ ಯಾರೋ ಹೇಳುತ್ತಾರೆ, ನಾವು ಒಪ್ಪುತ್ತೇವೆ. ಹುಡುಗಿ ಎಷ್ಟು ಓದಬೇಕು ಎಂದು ಯಾರೋ ಹೇಳುತ್ತಾರೆ, ಒಪ್ಪುತ್ತೇವೆ. ಊರಿಗೆ ಯಾವ ವಿದ್ಯೆ ಬೇಕು ಎಂದು ನೀವು ಹೇಳುತ್ತೀರಿ. ಗಣಿತದಲ್ಲಿ ಮಾತ್ರ ದೊಡ್ಡವರ ತಪ್ಪು ಚಿಕ್ಕವರ ಕಣ್ಣಿಗೂ ಕಾಣುತ್ತದೆ, ಕಂಡ ಮೇಲೆ ದೊಡ್ಡವರು ಒಪ್ಪಲೇಬೇಕಾಗುತ್ತದೆ. ಅದರ ರುಚಿ ಹತ್ತಿದ ಮೇಲೆ ನನಗೆ ಇನ್ನೊಂದು ವಿಷಯದ ಮೇಲೆ ಮನಸ್ಸು ನಿಲ್ಲುತ್ತಿಲ್ಲ.

ಅಂದ ಹಾಗೆ, ಆ ಹಾರವನ್ನು ನೀವು ಮನೆಗೆ ಒಯ್ದು ಗೋಡೆಗೆ ತೂಗುಹಾಕಿದ್ದರೆ ಅದು ಇಷ್ಟು ಹೊತ್ತಿಗೆ ಹಾಳಾಗಿರುತ್ತದೆ. ಹಸಿ ಗೂಡು, ಒಳಗಿನ ಹುಳ ಚಿಟ್ಟೆಯಾಗಿ ತೂತು ಮಾಡಿ ಹೊರಗೆ ಬಂದಿರುತ್ತದೆ. ಇದರಲ್ಲಿ ಒಳ್ಳೆಯ ಉಪಮೆ ಇದೆ ಎಂದು ನಮ್ಮ ಕನ್ನಡ ಮೇಷ್ಟ್ರು ಹೇಳಿದರು, ಪತ್ರದಲ್ಲಿ ಬರೆಯಮ್ಮ ಎಂದರು. ನನಗೆ ಉಪಮೆ ಬೇಡ, ಗಣಿತ ಬೇಕು.

ಆದ್ದರಿಂದ ನಾನು ಕೇಳುವುದು ಇಷ್ಟೆ. ಜುಲೈಗೆ ಮುಂಚೆ ಇನ್ನೊಮ್ಮೆ ಬನ್ನಿ. ಹಾರ ಹಾಕಿಸಿಕೊಳ್ಳಬೇಡಿ; ಹಾಕಿದರೂ ತೆಗೆದು ಮೇಜಿನ ಮೇಲಿಡಿ. ಪ್ರಾಂಶುಪಾಲರನ್ನು ಹೊರಗೆ ಕೂರಿಸಿ. ರೇಷ್ಮೆ ಇಷ್ಟವೇ ಎಂದು ಕೇಳಬೇಡಿ, ಅದಕ್ಕೆ ನಾವು ಸಾಯುವವರೆಗೂ ಹೌದು ಎನ್ನುತ್ತೇವೆ. ಗಣಿತ ಬೇಕೇ ಎಂದು ಕೇಳಿ. ರೇಷ್ಮೆ ಓದುವವರಿಗೆ ರೇಷ್ಮೆಯನ್ನು ಕೊಡಿ, ಗಣಿತದ ಗುಂಪನ್ನು ಇದ್ದ ಹಾಗೆ ಉಳಿಸಿ, ಮುನಿನಾರಾಯಣಪ್ಪ ಮೇಷ್ಟ್ರ ವರ್ಗ ನಿಲ್ಲಿಸಿ. ಆಮೇಲೆ ಆ ಮೀಟರಿನ ಮುಳ್ಳಿನ ವಿಷಯ ಮಾತಾಡೋಣ.

ಈ ಪತ್ರವನ್ನು ಕಳಿಸುವ ಮುಂಚೆ ಅಬ್ಬಾಗೆ ಓದಿ ಹೇಳಿದೆ. ಅವರಿಗೆ ಕನ್ನಡ ಓದಲು ಬರುವುದಿಲ್ಲ, ಕೇಳಿದರೆ ಎಲ್ಲ ತಿಳಿಯುತ್ತದೆ. ಮೊದಲು ಬರೆದ ಪ್ರತಿಯಲ್ಲಿ ಕೊನೆಗೆ ಒಂದು ಸಾಲು ಇತ್ತು: ನನಗೆ ರೇಷ್ಮೆ ಬೇಡ ಎಂದು. ಅಲ್ಲಿಗೆ ಬಂದಾಗ ಓದುವುದನ್ನು ನಿಲ್ಲಿಸಿದೆ. ಒಲೆ ಉರಿಯುತ್ತಿತ್ತು, ಬಾಣಲೆಯಲ್ಲಿ ಗೂಡುಗಳು ಕುಣಿಯುತ್ತಿದ್ದವು, ಅವುಗಳ ಮುಂದೆ ಆ ಮಾತು ಬಾಯಿಂದ ಹೊರಡಲಿಲ್ಲ. ಅಬ್ಬಾ ಕಾಗದವನ್ನು ಇಸಿದುಕೊಂಡು ಆ ಅಕ್ಷರಗಳನ್ನು ನೋಡುತ್ತಾ ಕೂತರು.

“ಏನಿದೆ ಇಲ್ಲಿ?”

ಮೆಲ್ಲಗೆ ಹೇಳಿದೆ. ಬಯ್ಯುತ್ತಾರೆ ಎಂದುಕೊಂಡೆ.

“ಹುಳ ಏನ್ ಮಾಡ್ತು ಬೇಟಿ? ಅದರ ಮೇಲೆ ಯಾಕ್ ಹಾಕ್ತೀಯ. ಅದನ್ನ ಹೊಡ್ದಾಕು. ಅವರ್ದು ತಪ್ಪು ಅಂತ ಬರಿ.” ಕಾಗದವನ್ನು ವಾಪಸು ಕೊಟ್ಟು, ಚರಕದ ಕಡೆ ತಿರುಗಿಕೊಂಡು ಹೇಳಿದರು: “ಜುಲೈವರ್ಗೂ ನೀನು ಇಲ್ಲಿ ಕೂತ್ಕೋಬೇಡ. ಹೋಗಿ ಲೆಕ್ಕ ಮಾಡು. ಆಮೇಲೆ ನೋಡಣ.”

ಹೊಡೆದುಹಾಕಿದ್ದೇನೆ. ಅಬ್ಬಾ ಹೇಳಿದ ಹಾಗೇ ಬರೆಯುತ್ತೇನೆ. ಮಾನ್ಯರೇ, ತಪ್ಪು ನಿಮ್ಮದು. ನಾನು ಹಿಂದಿನ ಬೆಂಚಿನಲ್ಲಿ ಎದ್ದು ನಿಂತಿದ್ದೇನೆ. ಮೇಲಿನ ಸಾಲಿನಿಂದ ಇನ್ನೊಮ್ಮೆ ಓದಿ, ಒರೆಸಿ, ಸರಿಯಾಗಿ ಬರೆಯಿರಿ.

ಇಂತಿ,
ನಿಮ್ಮ ಆದೇಶದಲ್ಲಿ ಸಂತೋಷವಾಗಿರುವ,
ಜುಲೈವರೆಗಿನ ವಿದ್ಯಾರ್ಥಿನಿ,
ಶಕೀಲಾ